ಕಣ್ಣು ಹಳದಿ, ಲಿವರ್ ಸರಿ: ಗಿಲ್ಬರ್ಟ್ ಸಿಂಡ್ರೋಮ್ ಪತ್ತೆ ಮಾಡುವುದು ಹೇಗೆ?

ಬೆಂಗಳೂರಿನಲ್ಲಿ ಈಗ ಎಷ್ಟೋ ಜನರಿಗೆ ಜಾಂಡೀಸ್ ಸುದ್ದಿ ಮೊದಲು ತಿಳಿಯುವುದು ಮೊಬೈಲ್‌ನಲ್ಲಿ. ಹೊಸ ಕೆಲಸಕ್ಕೆ ಸೇರುವ ಮುಂಚೆ ಮೆಡಿಕಲ್ ಮಾಡಿಸಿರುತ್ತಾರೆ, ಇಲ್ಲವೇ ಡಿಸ್ಕೌಂಟ್‌ನಲ್ಲಿ ಸಿಕ್ಕಿತು ಅಂತ ಫುಲ್ ಬಾಡಿ ಚೆಕಪ್ ಮಾಡಿಸಿರುತ್ತಾರೆ. ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದವರು ಸಂಜೆ ವಾಟ್ಸಾಪ್‌ಗೆ ಪಿಡಿಎಫ್ ಕಳಿಸುತ್ತಾರೆ. ಶುಗರ್ ಸರಿ, ಥೈರಾಯ್ಡ್ ಸರಿ, ಕೊಲೆಸ್ಟರಾಲ್ ಪರವಾಗಿಲ್ಲ. ಕೆಳಗೆ ಒಂದು ಸಾಲು ಮಾತ್ರ ದಪ್ಪಕ್ಷರದಲ್ಲಿರುತ್ತದೆ: ಟೋಟಲ್ ಬಿಲಿರುಬಿನ್ 2.4. ಬಿಲಿರುಬಿನ್ ಅಂದರೆ ರಕ್ತದಲ್ಲಿರುವ, ಜಾಸ್ತಿಯಾದರೆ ಕಣ್ಣು ಹಳದಿ ಮಾಡುವ ವಸ್ತು. ಇರಬೇಕಾದದ್ದು ಸುಮಾರು 1.2ರ ಒಳಗೆ.

ಆಮೇಲೆ ನಡೆಯುವುದೆಲ್ಲ ಗೊತ್ತಿರುವಂಥದ್ದೇ. ಕನ್ನಡಿ ಮುಂದೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿಕೊಳ್ಳುವುದು, ಗೂಗಲ್ ಮಾಡುವುದು, ಊರಿಗೆ ಫೋನ್ ಮಾಡುವುದು. "ಹೊರಗಡೆ ತಿನ್ಬೇಡ ಅಂತ ಎಷ್ಟು ಸಲ ಹೇಳಿಲ್ಲ ನಿಂಗೆ?" ಅಂತ ಅಮ್ಮ ಬಯ್ಯುತ್ತಾರೆ. ಮಾರನೇ ದಿನದಿಂದ ಪಥ್ಯ ಶುರು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಒಗ್ಗರಣೆ ಇಲ್ಲ. ಒಂದು ಹೊತ್ತು ತೆಳು ಗಂಜಿ, ಇನ್ನೊಂದು ಹೊತ್ತು ಬರೀ ಮಜ್ಜಿಗೆ. ವಾರದ ಮೇಲೆ ಮತ್ತೆ ಟೆಸ್ಟ್ ಮಾಡಿಸಿದರೆ 3.1!

ಪಥ್ಯ ಮಾಡಿದ ಮೇಲೆ ಜಾಸ್ತಿ ಆಗಿದೆ. ಮನೆಯವರು ಇನ್ನಷ್ಟು ಗಾಬರಿಯಾಗಿ ಪಥ್ಯವನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ನಿಜ ಹೇಳಬೇಕೆಂದರೆ ಆ ಏರಿಕೆಯೇ ಒಂದು ಸುಳಿವು. ಬೇರೆಲ್ಲ ಸರಿ ಇದ್ದು, ಊಟ ಕಮ್ಮಿ ಮಾಡಿದಾಗ ಬಿಲಿರುಬಿನ್ ಏರುತ್ತದೆ ಅಂದರೆ ಡಾಕ್ಟರ್ ತಲೆಯಲ್ಲಿ ಮೊದಲು ಬರುವ ಹೆಸರು ಗಿಲ್ಬರ್ಟ್ ಸಿಂಡ್ರೋಮ್.

ಫ್ರಾನ್ಸಿನ ವೈದ್ಯರಾದ ಒಗುಸ್ತಾನ್ ಗಿಲ್ಬರ್ಟ್ ಮತ್ತು ಪಿಯರ್ ಲೆರೆಬುಲೆ ಇದನ್ನು 1901ರಲ್ಲಿ ವಿವರಿಸಿದರು. ಹುಟ್ಟಿನಿಂದಲೇ ಇರುವ, ಮನೆತನದಲ್ಲಿ ಹರಿದು ಬರುವ ಒಂದು ಗುಣ ಇದು. ಜಗತ್ತಿನ ಬೇರೆ ಬೇರೆ ಕಡೆ ನೂರಕ್ಕೆ 3ರಿಂದ 10 ಜನರಲ್ಲಿ ಇರಬಹುದು ಎಂಬುದು ಸಾಮಾನ್ಯ ಅಂದಾಜು. ಮೆಜೆಸ್ಟಿಕ್‌ನಲ್ಲಿ ಬೆಳಿಗ್ಗೆ ತುಂಬಿ ತುಳುಕುವ ಮೆಟ್ರೋ ಬೋಗಿಯಲ್ಲಿ 200 ಜನ ಇದ್ದಾರೆ ಅಂದುಕೊಂಡರೆ, ಅವರಲ್ಲಿ 6ರಿಂದ 20 ಜನ. ಬಹುಪಾಲು ಜನರಿಗೆ ಅದು ಗೊತ್ತೇ ಇರುವುದಿಲ್ಲ. ಇದರಿಂದ ಲಿವರ್ ಹಾಳಾಗುವುದಿಲ್ಲ, ಆಯಸ್ಸು ಕಮ್ಮಿಯಾಗುವುದಿಲ್ಲ, ಔಷಧಿ ಬೇಕಾಗುವುದಿಲ್ಲ. ಇದನ್ನು ಕಾಯಿಲೆ ಅನ್ನಲು ನನಗಂತೂ ಮನಸ್ಸಿಲ್ಲ. ತೊಂದರೆ ಕೊಡುವುದು ಇದಲ್ಲ. ಇದನ್ನು ಬೇರೇನೋ ಅಂದುಕೊಂಡು ನಾವು ಮಾಡುವ ಚಿಕಿತ್ಸೆಗಳು.

ಹಳದಿ ಎಲ್ಲಿಂದ ಬರುತ್ತದೆ

ನಮ್ಮ ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ. ಹಳೆಯದಾದ ಕಣಗಳನ್ನು ಹೆಚ್ಚಾಗಿ ಗುಲ್ಮದಲ್ಲಿ, ಅಂದರೆ ಡಾಕ್ಟರುಗಳು ಸ್ಪ್ಲೀನ್ ಅನ್ನುವ ಅಂಗದಲ್ಲಿ, ಒಡೆಯಲಾಗುತ್ತದೆ. ಒಳಗಿದ್ದ ಕಬ್ಬಿಣವನ್ನು ದೇಹ ಮತ್ತೆ ಬಳಸಿಕೊಳ್ಳುತ್ತದೆ. ಉಳಿದ ಭಾಗ ಮೊದಲು ಹಸಿರು ಬಣ್ಣದ ಬಿಲಿವರ್ಡಿನ್ ಆಗಿ, ಆಮೇಲೆ ಹಳದಿ ಬಣ್ಣದ ಬಿಲಿರುಬಿನ್ ಆಗುತ್ತದೆ. ಇದನ್ನು ನೀವು ಕಣ್ಣಾರೆ ನೋಡಿದ್ದೀರಿ. ಗಾಡಿಯಿಂದ ಬಿದ್ದು ಮೊಣಕಾಲಿಗೆ ಪೆಟ್ಟಾದರೆ ಆ ಜಾಗ ಮೊದಲು ನೀಲಿ, ನಾಲ್ಕೈದು ದಿನಕ್ಕೆ ಹಸಿರು, ಕೊನೆಗೆ ಹಳದಿಯಾಗಿ ಮಾಯುತ್ತದಲ್ವಾ? ಅಲ್ಲಿ ಚರ್ಮದ ಕೆಳಗೆ ನಡೆಯುವುದೂ ಇದೇ ಕೆಲಸ.

ಆರೋಗ್ಯವಂತ ದೊಡ್ಡವರ ಮೈಯಲ್ಲಿ ದಿನಕ್ಕೆ ಸುಮಾರು 250ರಿಂದ 300 ಮಿಲಿಗ್ರಾಂ ಬಿಲಿರುಬಿನ್ ತಯಾರಾಗುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡೇ ಲಿವರ್ ತನಕ ಹೋಗಬೇಕು. ಲಿವರ್ ಜೀವಕೋಶದಲ್ಲಿ ಯುಜಿಟಿ1ಎ1 ಎಂಬ ಕಿಣ್ವ ಅದಕ್ಕೆ ಗ್ಲುಕುರಾನಿಕ್ ಆಮ್ಲ ಸೇರಿಸುತ್ತದೆ. ಆಗ ಅದು ನೀರಿನಲ್ಲಿ ಕರಗುವಂತಾಗುತ್ತದೆ, ಪಿತ್ತರಸದ ಜೊತೆ ಕರುಳಿಗೆ ಹೋಗುತ್ತದೆ. ಮಲದ ಕಂದು ಬಣ್ಣ, ಮೂತ್ರದ ತಿಳಿ ಹಳದಿ ಬಣ್ಣ ಎರಡೂ ಕೊನೆಗೆ ಇದರಿಂದಲೇ ಬರುವುದು.

ಗಿಲ್ಬರ್ಟ್ ಇರುವವರಲ್ಲಿ ಈ ಕಿಣ್ವ ಕೆಟ್ಟಿರುವುದಿಲ್ಲ, ತಯಾರಾಗುವುದು ಕಮ್ಮಿ. ಅದರ ಕೆಲಸದ ಸಾಮರ್ಥ್ಯ ಮಾಮೂಲಿನ ಶೇ. 30ರಷ್ಟಕ್ಕೆ ಇಳಿದಿರುತ್ತದೆ. ನೆಲಮಂಗಲದ ಟೋಲ್‌ನಲ್ಲಿ ಹತ್ತು ಕೌಂಟರ್ ಬದಲು ಮೂರೇ ತೆರೆದಿದ್ದರೆ ಏನಾಗುತ್ತದೆ ನೋಡಿ. ಮಂಗಳವಾರ ಮಧ್ಯಾಹ್ನ ಯಾರಿಗೂ ತೊಂದರೆ ಇಲ್ಲ, ಗಾಡಿಗಳು ಹೋಗುತ್ತಲೇ ಇರುತ್ತವೆ. ಹಬ್ಬದ ಹಿಂದಿನ ಸಂಜೆ ಮಾತ್ರ ಸಾಲು ಉದ್ದ. ರಸ್ತೆ ಸರಿಯಾಗೇ ಇದೆ, ಗಾಡಿಗಳೂ ಸರಿ ಇವೆ.

ಕಿಣ್ವ ಯಾಕೆ ಕಮ್ಮಿ ತಯಾರಾಗುತ್ತದೆ ಅನ್ನುವುದು ತಿಳಿದದ್ದು 1995ರಲ್ಲಿ. ಈ ಕಿಣ್ವದ ಜೀನ್ ಇರುವುದು 2ನೇ ಕ್ರೋಮೋಸೋಮ್‌ನಲ್ಲಿ. ಜೀನ್ ಶುರುವಾಗುವ ಮುಂಚೆ, ಎಷ್ಟು ಕಿಣ್ವ ತಯಾರಾಗಬೇಕು ಅಂತ ನಿಯಂತ್ರಿಸುವ ಒಂದು ಪುಟ್ಟ ಭಾಗವಿದೆ. ಅಲ್ಲಿ 'ಟಿಎ' ಎಂಬ ಎರಡಕ್ಷರದ ತುಣುಕು ಸಾಮಾನ್ಯವಾಗಿ ಆರು ಸಲ ಬರುತ್ತದೆ. ಗಿಲ್ಬರ್ಟ್‌ನಲ್ಲಿ ಹೆಚ್ಚಾಗಿ ಕಾಣುವುದು ಏಳು ಸಲ. ಒಂದೇ ಒಂದು ಜಾಸ್ತಿ, ಅಷ್ಟೇ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡೂ ಕಡೆಯಿಂದ ಏಳರ ಪ್ರತಿಯೇ ಬಂದವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಅಪ್ಪ ಅಮ್ಮ ಇಬ್ಬರಿಗೂ ಕಣ್ಣು ಹಳದಿಯಾಗಿರಬೇಕು ಅಂತೇನಿಲ್ಲ. ಏಳರ ಜೋಡಿ ಇರುವವರಿಗೆಲ್ಲ ಬಿಲಿರುಬಿನ್ ಏರಲೇಬೇಕು ಅಂತಲೂ ಇಲ್ಲ. ಪೂರ್ವ ಏಷ್ಯಾದ ಜನರಲ್ಲಿ ಇದೇ ಜೀನಿನ ಬೇರೊಂದು ಬದಲಾವಣೆ ಹೆಚ್ಚು ಸಾಮಾನ್ಯ.

ಹುಟ್ಟಿನಿಂದಲೇ ಇದ್ದರೂ ಇದು ಹೊರಬೀಳುವುದು ಹೆಚ್ಚಾಗಿ ಹದಿಹರೆಯದಲ್ಲಿ ಅಥವಾ ಅದರ ನಂತರ. ಅದರಲ್ಲೂ ಹುಡುಗರಲ್ಲಿ ಜಾಸ್ತಿ. ಹಾರ್ಮೋನುಗಳ ಪ್ರಭಾವ ಒಂದು, ಗಂಡಸರಲ್ಲಿ ಹಿಮೋಗ್ಲೋಬಿನ್ ಜಾಸ್ತಿ ಇರುವುದರಿಂದ ದಿನವೂ ತಯಾರಾಗುವ ಬಿಲಿರುಬಿನ್ ಕೂಡ ಜಾಸ್ತಿ ಅನ್ನುವುದು ಇನ್ನೊಂದು.

ಉಪವಾಸ ಮತ್ತು ಬಿಲಿರುಬಿನ್

ಊಟ ಬಿಟ್ಟರೆ ಯಾರಿಗಾದರೂ ಬಿಲಿರುಬಿನ್ ಸ್ವಲ್ಪ ಏರುತ್ತದೆ. ಗಿಲ್ಬರ್ಟ್ ಇರುವವರಿಗೆ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಕರುಳಿನ ಚಲನೆ ನಿಧಾನವಾಗಿ, ಹೊರಗೆ ಹೋಗಬೇಕಾದ ಬಿಲಿರುಬಿನ್‌ನಲ್ಲಿ ಒಂದು ಪಾಲು ಮತ್ತೆ ರಕ್ತಕ್ಕೆ ವಾಪಸ್ಸಾಗುವುದು ಇದಕ್ಕೆ ಒಂದು ಕಾರಣ. ಹಿಂದೆ ಇದನ್ನೇ ಪರೀಕ್ಷೆಯಾಗಿ ಬಳಸುತ್ತಿದ್ದರು. ಎರಡು ದಿನ, ದಿನಕ್ಕೆ 400 ಕ್ಯಾಲೊರಿ ಮಾತ್ರ ಕೊಟ್ಟು ಬಿಲಿರುಬಿನ್ ಎಷ್ಟು ಏರುತ್ತದೆ ಅಂತ ನೋಡುವುದು. ಎರಡು ಮಸಾಲೆ ದೋಸೆಗೂ ಸಾಲದಷ್ಟು ಕ್ಯಾಲೊರಿಯಲ್ಲಿ ಇಡೀ ದಿನ! ಈಗ ಯಾರೂ ಅಷ್ಟು ಹಿಂಸೆ ಕೊಡುವುದಿಲ್ಲ, ಅದರ ಅಗತ್ಯವೂ ಇಲ್ಲ.

ಬೇಕು ಅಂತ ಮಾಡದಿದ್ದರೂ ನಮ್ಮ ಊರಿನ ಬದುಕೇ ಆ ಪರೀಕ್ಷೆ ಮಾಡಿಸುತ್ತಿರುತ್ತದೆ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಇವೆಲ್ಲ ಮೊದಲಿಂದ ಇದ್ದವು. ಈಗ ಆಫೀಸಿನಲ್ಲಿ ಅರ್ಧ ಜನ ಇಂಟರ್ಮಿಟೆಂಟ್ ಫಾಸ್ಟಿಂಗ್ ಮಾಡುತ್ತಾರೆ. ನೀರು ಸರಿಯಾಗಿ ಕುಡಿಯದೆ ನಂದಿ ಬೆಟ್ಟಕ್ಕೆ ಸೈಕಲ್ ತುಳಿದದ್ದು, ವೈರಲ್ ಜ್ವರ, ವಾಂತಿ, ನಿದ್ದೆಗೆಟ್ಟ ನೈಟ್ ಶಿಫ್ಟ್, ಪರೀಕ್ಷೆಯ ಟೆನ್ಷನ್, ಕೆಲವು ಹೆಣ್ಣುಮಕ್ಕಳಿಗೆ ತಿಂಗಳ ಮುಟ್ಟು, ಇವುಗಳಲ್ಲಿ ಯಾವುದಾದರೂ ಆಗಬಹುದು. ಹೆಲ್ತ್ ಚೆಕಪ್‌ಗೂ ರಾತ್ರಿಯಿಂದ ಏನೂ ತಿನ್ನದೆ ಬನ್ನಿ ಅನ್ನುತ್ತಾರಲ್ಲ, ರಿಪೋರ್ಟ್ ಚೆನ್ನಾಗಿ ಬರಲಿ ಅಂತ ಹಿಂದಿನ ದಿನದ ಊಟವನ್ನೂ ಅರ್ಧ ಮಾಡಿದವರಿಗೆ ಅಂಕಿ ಇನ್ನೂ ಮೇಲೆ ಹೋಗಿರುತ್ತದೆ.

ಆದ್ದರಿಂದ ಮೊದಲ ರಿಪೋರ್ಟ್ ಬಂದಾಗ ಡಾಕ್ಟರ್ ಕೇಳಬೇಕಾದ ಪ್ರಶ್ನೆ ಸುಲಭದ್ದು: ರಕ್ತ ಕೊಡುವ ಹಿಂದಿನ ಎರಡು ದಿನ ಏನು ತಿಂದಿದ್ರಿ, ಜ್ವರ ಇತ್ತಾ, ನಿದ್ದೆ ಮಾಡಿದ್ರಾ? ಮನೆಯಲ್ಲಿ ಬೇರೆ ಯಾರಿಗಾದರೂ ಆಗಾಗ ಕಣ್ಣು ಹಳದಿಯಾಗುತ್ತಿತ್ತಾ? 'ನಮ್ಮ ಸೋದರಮಾವನಿಗೆ ಯಾವಾಗಲೂ ಕಣ್ಣು ಹಾಗೇ, ಎಷ್ಟು ಮದ್ದು ಮಾಡಿದರೂ ಹೋಗಲಿಲ್ಲ, ಈಗ ಎಪ್ಪತ್ತಾಯಿತು, ಗಟ್ಟಿಮುಟ್ಟಾಗಿದ್ದಾರೆ' ಅನ್ನುವ ಉತ್ತರ ಬಂದರೆ ಅದು ಅರ್ಧ ಡಯಾಗ್ನೋಸಿಸ್ ಇದ್ದಂತೆ.

ರಿಪೋರ್ಟ್ ಓದುವ ಕ್ರಮ

ಉದಾಹರಣೆಗೆ ಒಂದು ರಿಪೋರ್ಟ್ ಕಲ್ಪಿಸಿಕೊಳ್ಳೋಣ. ಮಾರತ್ತಹಳ್ಳಿಯ ಪಿಜಿಯಲ್ಲಿರುವ 24 ವರ್ಷದ ಹುಡುಗ. ಟೋಟಲ್ ಬಿಲಿರುಬಿನ್ 2.4, ಡೈರೆಕ್ಟ್ 0.4, ಇನ್‌ಡೈರೆಕ್ಟ್ 2.0. ಎಸ್‌ಜಿಒಟಿ 26, ಎಸ್‌ಜಿಪಿಟಿ 31, ಆಲ್ಕಲೈನ್ ಫಾಸ್ಫಟೇಸ್ 84, ಜಿಜಿಟಿ 22, ಆಲ್ಬುಮಿನ್ 4.5. ಹಿಮೋಗ್ಲೋಬಿನ್ 15.2. ಬಿಲಿರುಬಿನ್ ಬಿಟ್ಟರೆ ಉಳಿದ ಅಂಕಿಗಳೆಲ್ಲ ಮಾಮೂಲು.

ಎಲ್ಲರ ಕಣ್ಣೂ ಮೊದಲು ಹೋಗುವುದು 2.4ರ ಮೇಲೆ. ನೋಡಬೇಕಾದದ್ದು ಅದರ ಕೆಳಗಿನ ಎರಡು ಸಾಲು. ಲಿವರ್ ಇನ್ನೂ ಸಂಸ್ಕರಿಸದೆ ಇರುವ ಬಿಲಿರುಬಿನ್ ಇನ್‌ಡೈರೆಕ್ಟ್. ಸಂಸ್ಕರಿಸಿ ಆಗಿರುವುದು ಡೈರೆಕ್ಟ್. ಲ್ಯಾಬಿನಲ್ಲಿ ರಕ್ತದ ಸೀರಮ್‌ಗೆ ಒಂದು ರಾಸಾಯನಿಕ ಹಾಕಿದಾಗ ಕೂಡಲೇ ಬಣ್ಣ ಕೊಡುವಷ್ಟನ್ನು ಡೈರೆಕ್ಟ್ ಅಂತ ಅಳೆಯುತ್ತಾರೆ. ಇನ್ನೊಂದು ದ್ರವ ಸೇರಿಸಿ ಉಳಿದದ್ದೂ ಬಣ್ಣ ಕೊಡುವಂತೆ ಮಾಡಿ ಒಟ್ಟು ಅಳೆಯುತ್ತಾರೆ. ಒಟ್ಟಿನಿಂದ ಡೈರೆಕ್ಟ್ ಕಳೆದರೆ ಉಳಿಯುವುದು ಇನ್‌ಡೈರೆಕ್ಟ್. ಅಂದರೆ ಅದು ಅಳತೆಯಲ್ಲ, ಲೆಕ್ಕ.

ಈ ಹುಡುಗನಲ್ಲಿ ಡೈರೆಕ್ಟ್ ಪಾಲು ಒಟ್ಟಿನಲ್ಲಿ ಶೇ. 17ರಷ್ಟು. ಗಿಲ್ಬರ್ಟ್‌ನಲ್ಲಿ ಸಾಮಾನ್ಯವಾಗಿ ಅದು ಶೇ. 20ಕ್ಕಿಂತ ಕಮ್ಮಿ. ಹೆಪಟೈಟಿಸ್, ಅಂದರೆ ಲಿವರ್ ಉರಿಯೂತ ಆಗಿದ್ದರೆ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಡೈರೆಕ್ಟ್ ಕೂಡ ಎದ್ದು ಕಾಣುವಂತೆ ಏರಿರುತ್ತಿತ್ತು. ಜೊತೆಗೆ ಲಿವರ್ ಜೀವಕೋಶಗಳು ಒಡೆದಾಗ ಸೋರುವ ಎಸ್‌ಜಿಪಿಟಿ, ಎಸ್‌ಜಿಒಟಿ ಇಲ್ಲಿ ಮಾಮೂಲಾಗಿವೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಅಥವಾ ಇ ಜೋರಾಗಿದ್ದಾಗ ಎಸ್‌ಜಿಪಿಟಿ ನೂರುಗಳಲ್ಲಿ, ಕೆಲವೊಮ್ಮೆ ಸಾವಿರದಾಚೆ ಇರುತ್ತದೆ. ಟ್ಯಾಂಕರ್ ನೀರು, ರಸ್ತೆ ಬದಿಯ ಪಾನಿಪುರಿ ಮೇಲೆ ಅಮ್ಮನಿಗಿರುವ ಅನುಮಾನ ತಪ್ಪಲ್ಲ. ಆದರೆ ಅದರಿಂದ ಬರುವ ಜಾಂಡೀಸ್‌ನ ರಿಪೋರ್ಟ್ ಈ ರೀತಿ ಇರುವುದಿಲ್ಲ.

ಮೂತ್ರ ಕೂಡ ಒಂದು ಸಾಕ್ಷಿ. ಇನ್‌ಡೈರೆಕ್ಟ್ ಬಿಲಿರುಬಿನ್ ಆಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ ಕಿಡ್ನಿ ದಾಟಿ ಹೋಗುವುದಿಲ್ಲ. ಹಾಗಾಗಿ ಗಿಲ್ಬರ್ಟ್‌ನಲ್ಲಿ ಕಣ್ಣು ಹಳದಿಯಾದರೂ ಮೂತ್ರದಲ್ಲಿ ಬಿಲಿರುಬಿನ್ ಇರುವುದಿಲ್ಲ. ಮೂತ್ರ ಕಡು ಟೀ ಡಿಕಾಕ್ಷನ್ ಬಣ್ಣಕ್ಕೆ ಬಂದಿದ್ದರೆ ಬೇರೆ ದಿಕ್ಕಿನಲ್ಲಿ ಹುಡುಕಬೇಕು. ಇದಕ್ಕೆ ಯಾವ ಖರ್ಚೂ ಇಲ್ಲ, ಆದರೆ ಎಷ್ಟೋ ಸಲ ಯಾರೂ ಕೇಳುವುದೇ ಇಲ್ಲ.

ಕಣ್ಣು ನೋಡುವುದಾದರೆ ಹಗಲು ಬೆಳಕಿನಲ್ಲಿ, ಕಿಟಕಿ ಹತ್ತಿರ ನೋಡಿ. ಮನೆಯ ಹಳದಿ ಬಲ್ಬಿನ ಕೆಳಗೆ ಎಲ್ಲರ ಕಣ್ಣೂ ಹಳದಿಯೇ. ಬಿಲಿರುಬಿನ್ 2 ದಾಟಿ 3ರ ಹತ್ತಿರ ಬಂದಾಗ ಮಾತ್ರ ಬಿಳಿಗುಡ್ಡೆಯಲ್ಲಿ ಬಣ್ಣ ಗೊತ್ತಾಗುತ್ತದೆ. ಅಂಗೈ ಹಳದಿಯಾಗಿ ಕಣ್ಣು ಬೆಳ್ಳಗೇ ಇದ್ದರೆ ಅದು ಜಾಸ್ತಿ ಕ್ಯಾರೆಟ್, ಪಪ್ಪಾಯಿ ತಿಂದಿದ್ದರಿಂದಲೂ ಇರಬಹುದು.

ಇಲ್ಲಿಗೆ ಲಿವರ್ ಮೇಲಿನ ಅನುಮಾನ ಮುಗಿಯಿತು. ರಕ್ತದ ಮೇಲಿನ ಅನುಮಾನ ಇನ್ನೂ ಉಳಿದಿದೆ. ನನ್ನ ಪ್ರಕಾರ ಅವಸರದಲ್ಲಿ ಬಿಟ್ಟುಹೋಗುವ ಹೆಜ್ಜೆ ಇದು.

ಕೆಂಪು ಕಣಗಳು ಅವಧಿಗೆ ಮುಂಚೆಯೇ ಒಡೆಯುತ್ತಿದ್ದರೆ ಆಗಲೂ ಇನ್‌ಡೈರೆಕ್ಟ್ ಬಿಲಿರುಬಿನ್ ಮಾತ್ರ ಏರುತ್ತದೆ, ಎಸ್‌ಜಿಪಿಟಿ ಮಾಮೂಲಾಗಿರುತ್ತದೆ. ಮೇಲ್ನೋಟಕ್ಕೆ ಗಿಲ್ಬರ್ಟ್ ತರಹವೇ. ಕೆಂಪು ಕಣಗಳನ್ನು ಕಾಪಾಡುವ ಒಂದು ಕಿಣ್ವ ಕಮ್ಮಿ ಇರುವ ಜಿ6ಪಿಡಿ ಕೊರತೆ, ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ತಲಸೇಮಿಯಾ, ಕೆಂಪು ಕಣಗಳು ಗೋಲಿಯಂತೆ ದುಂಡಗಾಗುವ ಸ್ಫೆರೋಸೈಟೋಸಿಸ್ ಇವೆಲ್ಲ ಈ ಗುಂಪಿನವು. ಮೈಸೂರು, ಚಾಮರಾಜನಗರ ಕಡೆಯ ಗಿರಿಜನರಲ್ಲಿ ಕಾಣುವ, ಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕೂಡ. ಅದಕ್ಕೇ ರಕ್ತಕಣಗಳನ್ನು ಎಣಿಸುವ ಸಿಬಿಸಿ ಟೆಸ್ಟ್ ಜೊತೆ ರೆಟಿಕ್ಯುಲೋಸೈಟ್ ಎಣಿಕೆ, ಎಲ್‌ಡಿಎಚ್, ಪೆರಿಫೆರಲ್ ಸ್ಮಿಯರ್ ಮಾಡಿಸುತ್ತಾರೆ. ಕಣಗಳು ಬೇಗ ಒಡೆಯುತ್ತಿದ್ದರೆ ಮೂಳೆಮಜ್ಜೆ ಹೊಸ ಕಣಗಳನ್ನು ಅವಸರದಲ್ಲಿ ತಯಾರಿಸಿ ಹೊರಗೆ ಬಿಡುತ್ತದೆ. ಆ ಎಳೆಯ ಕಣಗಳೇ ರೆಟಿಕ್ಯುಲೋಸೈಟ್. ಒಡೆದ ಕಣಗಳಿಂದ ಎಲ್‌ಡಿಎಚ್ ಎಂಬ ಕಿಣ್ವ ಸೋರುತ್ತದೆ. ಸ್ಮಿಯರ್ ಅಂದರೆ ಗಾಜಿನ ಸ್ಲೈಡ್ ಮೇಲೆ ಒಂದು ಹನಿ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ಕಣಗಳ ಆಕಾರ ನೋಡುವುದು. ಮಷಿನ್ ಕೊಡುವ ಅಂಕಿಗಿಂತ ಒಬ್ಬ ಅನುಭವಿ ಪೆಥಾಲಜಿಸ್ಟ್ ಎರಡು ನಿಮಿಷ ಕೂತು ನೋಡಿದ್ದು ಇಲ್ಲಿ ಹೆಚ್ಚು ಬೆಲೆಯುಳ್ಳದ್ದು. ಡಾಕ್ಟರ್ ಎಡಗಡೆ ಪಕ್ಕೆಲುಬಿನ ಕೆಳಗೆ ಒತ್ತಿ ನೋಡುವುದೂ ಇದಕ್ಕೇ. ಗುಲ್ಮ ದೊಡ್ಡದಾಗಿ ಕೈಗೆ ಸಿಕ್ಕಿದರೆ ಅದು ಗಿಲ್ಬರ್ಟ್ ಲಕ್ಷಣ ಅಲ್ಲ.

ಸಸ್ಯಾಹಾರಿಗಳು ಜಾಸ್ತಿ ಇರುವ ಮನೆಗಳಲ್ಲಿ ಇನ್ನೊಂದನ್ನು ಮರೆಯಬಾರದು: ವಿಟಮಿನ್ ಬಿ12 ಕೊರತೆ. ಅದು ತೀವ್ರವಾದಾಗ ಮೂಳೆಮಜ್ಜೆಯಲ್ಲಿ ಕಣಗಳು ಪೂರ್ತಿ ಬೆಳೆಯುವ ಮುಂಚೆಯೇ ಸಾಯುತ್ತವೆ. ಆಗಲೂ ಇನ್‌ಡೈರೆಕ್ಟ್ ಬಿಲಿರುಬಿನ್, ಎಲ್‌ಡಿಎಚ್ ಎರಡೂ ಏರುತ್ತವೆ. ಸಿಬಿಸಿಯಲ್ಲಿ ಎಂಸಿವಿ, ಅಂದರೆ ಕಣದ ಗಾತ್ರ, ಹೆಚ್ಚಾಗಿ ದೊಡ್ಡದಾಗಿರುತ್ತದೆ. ಇದಕ್ಕೆ ಮಾತ್ರೆ, ಇಂಜೆಕ್ಷನ್ ಇದೆ, ಸರಿಯಾಗುತ್ತದೆ. ಇದನ್ನು ಸುಮ್ನೆ ಗಿಲ್ಬರ್ಟ್ ಅಂತ ಬರೆದು ಕಳಿಸಿದರೆ ರೋಗಿಗೆ ಅನ್ಯಾಯ.

ಇದೇ ಜೀನಿನಿಂದ ಬರುವ, ಹೆಸರು ಕೇಳಿದರೆ ಭಯವಾಗುವ ಇನ್ನೊಂದಿದೆ: ಕ್ರಿಗ್ಲರ್-ನಜ್ಜಾರ್. ಅದರ ಮೊದಲ ವಿಧದಲ್ಲಿ ಕಿಣ್ವ ಇಲ್ಲವೇ ಇಲ್ಲ ಅನ್ನಬಹುದು, ಹುಟ್ಟಿದ ಮಗುವಿನಲ್ಲೇ ಬಿಲಿರುಬಿನ್ 20 ದಾಟುತ್ತದೆ. ಎರಡನೆಯದು ಅದಕ್ಕಿಂತ ಸೌಮ್ಯ, ಆದರೂ ಬಿಲಿರುಬಿನ್ ಸಾಮಾನ್ಯವಾಗಿ 6ರ ಮೇಲೆಯೇ ಇರುತ್ತದೆ. ಇಂಟರ್ನೆಟ್‌ನಲ್ಲಿ ಓದಿ ನಿದ್ದೆಗೆಡುವವರಿಗೆ ಹೇಳುವುದಿಷ್ಟೇ: ದೊಡ್ಡವರಾದ ಮೇಲೆ ಅಕಸ್ಮಾತ್ತಾಗಿ ಸಿಕ್ಕಿದ 2.4 ಇದಲ್ಲ. ಡುಬಿನ್-ಜಾನ್ಸನ್, ರೋಟರ್ ಎಂಬ ಇನ್ನೆರಡು ಕೂಡ ಅನುವಂಶಿಕ, ಅಪಾಯವಿಲ್ಲದವು. ಆದರೆ ಅವುಗಳಲ್ಲಿ ಏರುವುದು ಡೈರೆಕ್ಟ್.

ಮತ್ತೊಮ್ಮೆ ನೋಡುವುದು, ಆಮೇಲೆ ನಿಲ್ಲಿಸುವುದು

ಒಂದೇ ರಿಪೋರ್ಟ್ ಮೇಲೆ ತೀರ್ಪು ಕೊಡುವುದಿಲ್ಲ. ಎರಡು ಮೂರು ದಿನ ಮಾಮೂಲಿ ಊಟ, ನಿದ್ದೆ ಮಾಡಿ ಇನ್ನೊಮ್ಮೆ ಟೆಸ್ಟ್ ಮಾಡಿಸುತ್ತಾರೆ. ಕೆಲವು ತಿಂಗಳ ಮೇಲೆ ಮತ್ತೆ ನೋಡುತ್ತಾರೆ. ಗಿಲ್ಬರ್ಟ್ ಆಗಿದ್ದರೆ ಬಿಲಿರುಬಿನ್ ಒಮ್ಮೆ 1.5, ಒಮ್ಮೆ 2.8, ಒಮ್ಮೆ ಪೂರ್ತಿ ಮಾಮೂಲು, ಹೀಗೆ ಏರಿಳಿಯುತ್ತದೆ. ಹೆಚ್ಚಾಗಿ 3ರ ಒಳಗೆ. ಅದರ ಸುತ್ತಲಿನ ಬೇರೆ ಎಲ್ಲ ಅಂಕಿಗಳೂ ಮೊದಲಿನಂತೆಯೇ ಇರುತ್ತವೆ. ಹಳೆಯ ಚೆಕಪ್ ಪಿಡಿಎಫ್‌ಗಳು ಮೇಲ್‌ನಲ್ಲಿ ಬಿದ್ದಿದ್ದರೆ ಹುಡುಕಿ ತೆಗೆಯಿರಿ. ಮೂರು ವರ್ಷದ ಹಿಂದೆಯೂ 1.9 ಇತ್ತು ಅನ್ನುವುದು ಹೊಸದಾಗಿ ಮಾಡಿಸುವ ಹತ್ತು ಟೆಸ್ಟ್‌ಗಿಂತ ಜಾಸ್ತಿ ಹೇಳುತ್ತದೆ. ಇನ್ನೊಂದು ವಿಷಯ: ಬಿಲಿರುಬಿನ್ ಬೆಳಕಿಗೆ ರೂಪ ಬದಲಾಗಿಹೋಗುವ ವಸ್ತು, ಹುಟ್ಟಿದ ಮಕ್ಕಳನ್ನು ನೀಲಿ ಬೆಳಕಿನಲ್ಲಿ ಮಲಗಿಸುವುದೂ ಅದಕ್ಕೇ. ರಕ್ತದ ಟ್ಯೂಬ್ ಬಹಳ ಹೊತ್ತು ಬಿಸಿಲಿನಲ್ಲಿದ್ದರೆ ಅಂಕಿ ನಿಜಕ್ಕಿಂತ ಕಮ್ಮಿ ಬರಬಹುದು. 2.1 ಇದ್ದದ್ದು 1.8 ಆಯಿತು ಅಂತ ಕುಣಿಯುವುದೂ ಬೇಡ, 2.4 ಆಯಿತು ಅಂತ ಅಳುವುದೂ ಬೇಡ.

ಹೆಪಟೈಟಿಸ್ ಬಿ ಮತ್ತು ಸಿ ಒಮ್ಮೆ ನೋಡಿಬಿಡುವುದು ಒಳ್ಳೆಯದು, ಯಾಕೆಂದರೆ ಅವು ಸದ್ದಿಲ್ಲದೆ ವರ್ಷಗಟ್ಟಲೆ ಇರಬಲ್ಲವು. ಅಲ್ಟ್ರಾಸೌಂಡ್ ಒಮ್ಮೆ ಮಾಡಿಸಿದರೆ ತಪ್ಪಿಲ್ಲ, ಅನೇಕರು ಮಾಡಿಸುತ್ತಾರೆ. ಅಲ್ಲಿಗೆ ಸಾಕು. ಲಿವರ್ ಬಯಾಪ್ಸಿ, ಎಂಆರ್‌ಐ, ತಿಂಗಳಿಗೊಂದು ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ಯಾವುದೂ ಬೇಕಿಲ್ಲ. ಜೀನ್ ಪರೀಕ್ಷೆ ಲಭ್ಯವಿದೆ, ಆದರೆ ಚಿತ್ರ ಇಷ್ಟು ಸ್ಪಷ್ಟವಾಗಿದ್ದಾಗ ಅದರಿಂದ ಹೊಸದಾಗಿ ತಿಳಿಯುವುದು ಕಮ್ಮಿ. ಲೆಕ್ಕ ಎಲ್ಲೋ ತಾಳೆಯಾಗದಿದ್ದಾಗ, ಇಲ್ಲವೇ ಕೆಲವು ಔಷಧಿ ಶುರು ಮಾಡುವ ಮುಂಚೆ ಮಾತ್ರ ಅದಕ್ಕೆ ಅರ್ಥವಿದೆ. 'ಇದು ಗಿಲ್ಬರ್ಟ್, ಮತ್ತೆ ಮತ್ತೆ ಟೆಸ್ಟ್ ಮಾಡಿಸಬೇಡಿ' ಅಂತ ಹೇಳುವ ಡಾಕ್ಟರ್ ನಿಮ್ಮನ್ನು ಕಡೆಗಣಿಸುತ್ತಿಲ್ಲ. ಕೆಲಸ ಮುಗಿಸಿದ್ದಾರೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಜಾಂಡೀಸ್ ಅಂದ ಕೂಡಲೇ ನಮ್ಮಲ್ಲಿ ಮದ್ದು ಕೊಡುವವರ ವಿಳಾಸ ಹತ್ತು ಜನ ಕೊಡುತ್ತಾರೆ. ಖಾಲಿ ಹೊಟ್ಟೆಗೆ ಸೊಪ್ಪಿನ ರಸ, ಕಣ್ಣಿಗೆ ಹನಿ ಹಾಕುವುದು, ರಟ್ಟೆಗೆ ಬರೆ ಎಳೆಯುವುದು, ಸುಣ್ಣದ ನೀರಿನಲ್ಲಿ ಕೈ ತೊಳೆಸಿ 'ನೋಡಿ, ಕಾಮಾಲೆ ಇಳೀತಾ ಇದೆ' ಅಂತ ಹಳದಿ ನೀರು ತೋರಿಸುವುದು. ಬಿಲಿರುಬಿನ್ ಅಂಗೈಯಿಂದ ಇಳಿಯುವುದಿಲ್ಲ. ಆ ಬಣ್ಣ ಕೈಗೆ ಹಚ್ಚಿದ ರಸ ಸುಣ್ಣಕ್ಕೆ ಸೇರಿ ಬರುವುದು. ಗಿಲ್ಬರ್ಟ್ ಇರುವವರಿಗೆ ಈ ಮದ್ದುಗಳೆಲ್ಲ 'ಕೆಲಸ ಮಾಡುತ್ತವೆ', ಯಾಕೆಂದರೆ ಜ್ವರ ಬಿಟ್ಟು ಊಟ ಸೇರತೊಡಗಿದ ಮೇಲೆ ಬಿಲಿರುಬಿನ್ ತಾನಾಗಿಯೇ ಇಳಿಯುತ್ತದೆ. ಹೆಸರು ಮದ್ದಿಗೆ. ಆರು ತಿಂಗಳಿಗೆ ಮತ್ತೆ ಏರಿದಾಗ 'ಪಥ್ಯ ಸರಿಯಾಗಿ ಮಾಡಿಲ್ಲ' ಅಂತ ತಪ್ಪು ರೋಗಿಯ ತಲೆಗೆ. ಏನೂ ಆಗದ ಲಿವರ್‌ಗೆ ಏನಿದೆ ಅಂತ ಗೊತ್ತಿಲ್ಲದ ಕಷಾಯ ಸುರಿಯುವುದರಲ್ಲಿ ನಿಜವಾದ ಅಪಾಯವಿದೆ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್‌ಗೆ ಪೆಟ್ಟಾದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. 'ಗಿಡಮೂಲಿಕೆ, ಏನೂ ಆಗಲ್ಲ' ಅನ್ನುವ ಧೈರ್ಯ ಬೇಡ. ಇಂಗ್ಲಿಷ್ ಮೆಡಿಸಿನ್ ಕಡೆಯೂ ಅಷ್ಟೇ, ಲಿವರ್ ಟಾನಿಕ್ ಬಾಟಲಿಗಳಿಂದ ಗಿಲ್ಬರ್ಟ್‌ಗೆ ಯಾವ ಪ್ರಯೋಜನವೂ ಇಲ್ಲ.

ಹಾಗಾದರೆ ಏನು ತಿನ್ನಬೇಕು? ಮನೆಯಲ್ಲಿ ಮಾಡಿದ್ದು. ಮುದ್ದೆ, ಬಸ್ಸಾರು, ತುಪ್ಪ ಹಾಕಿದ ಅನ್ನ, ಹೊತ್ತಿಗೆ ಸರಿಯಾಗಿ. ಬೆಳಗಿನ ತಿಂಡಿ ತಪ್ಪಿಸದಿದ್ದರೆ ಸಾಕು. ಉಪವಾಸ ಮಾಡಲೇಬಾರದು ಅಂತಲ್ಲ. ಮಾಡಿದಾಗ ಕಣ್ಣು ಸ್ವಲ್ಪ ಹಳದಿಯಾದರೆ ಹೆದರಬೇಕಿಲ್ಲ, ಅಷ್ಟೇ. ಕುಡಿತಕ್ಕೆ ಇದು ಪರವಾನಗಿಯಲ್ಲ. ಗಿಲ್ಬರ್ಟ್ ಇಲ್ಲದವರ ಲಿವರ್‌ಗೆ ಏನು ಮಾಡುತ್ತದೋ ಇವರಿಗೂ ಅದನ್ನೇ ಮಾಡುತ್ತದೆ. ಸುಸ್ತು, ಹೊಟ್ಟೆ ತೊಳಸು, ಗಮನ ನಿಲ್ಲದಿರುವುದು ಇವೆಲ್ಲ ಇದರಿಂದಲೇ ಅಂತ ಅನೇಕರು ಹೇಳುತ್ತಾರೆ. ಬಿಲಿರುಬಿನ್ ಅಂಕಿಗೂ ಸುಸ್ತಿಗೂ ಸ್ಪಷ್ಟ ಸಂಬಂಧ ಸಿಕ್ಕಿಲ್ಲ. ಸುಸ್ತು ಸುಳ್ಳು ಅಂತಲ್ಲ, ಅದರ ಕಾರಣ ಬೇರೆ ಇರಬಹುದು, ಹುಡುಕಬೇಕು. ಬಿಲಿರುಬಿನ್ ಸ್ವಲ್ಪ ಜಾಸ್ತಿ ಇರುವವರಲ್ಲಿ ಹೃದಯದ ಕಾಯಿಲೆ ಕಮ್ಮಿ ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಬಿಲಿರುಬಿನ್ನೇ ಅದಕ್ಕೆ ಕಾರಣ ಅಂತ ಸಾಬೀತಾಗಿಲ್ಲ, ಹಾಗಾಗಿ ಅದನ್ನು ನಂಬಿ ಎಣ್ಣೆ ತಿಂಡಿ ಜಾಸ್ತಿ ಮಾಡಬೇಡಿ.

ಗಿಲ್ಬರ್ಟ್ ಇದ್ದವರಿಗೂ ಬೇರೆಯವರ ಹಾಗೆ ಹೆಪಟೈಟಿಸ್ ಬರಬಹುದು, ಪಿತ್ತಕೋಶದಲ್ಲಿ ಕಲ್ಲಾಗಬಹುದು. ಒಮ್ಮೆ ಹೆಸರು ಅಂಟಿದ ಮೇಲೆ ಎಲ್ಲ ಹಳದಿಯನ್ನೂ ಅದರ ತಲೆಗೆ ಕಟ್ಟುವುದು ಉಲ್ಟಾ ತಪ್ಪು. ಮೂತ್ರ ಕಪ್ಪಾದರೆ, ಮಲ ಬೂದಿ ಬಣ್ಣಕ್ಕೆ ತಿರುಗಿದರೆ, ಮೈ ತುರಿಕೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಬಿಡದ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇವೇನಾದರೂ ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿಲಿರುಬಿನ್ 5ರ ಹತ್ತಿರ ಹೋದರೂ, ಡೈರೆಕ್ಟ್ ಅಥವಾ ಎಸ್‌ಜಿಪಿಟಿ ಏರಿದರೂ ಹಾಗೆಯೇ.

ಈ ಹೆಸರನ್ನು ನೆನಪಿಟ್ಟು ಹೇಳಲೇಬೇಕಾದ ಸಂದರ್ಭಗಳು ಕೆಲವೇ ಇವೆ. ಕರುಳಿನ ಕ್ಯಾನ್ಸರ್‌ಗೆ ಕೊಡುವ ಇರಿನೊಟೆಕಾನ್ ಎಂಬ ಔಷಧಿಯನ್ನು ದೇಹದಿಂದ ಹೊರಹಾಕುವುದೂ ಇದೇ ಯುಜಿಟಿ1ಎ1 ಕಿಣ್ವ. ಅದು ಕಮ್ಮಿ ಇದ್ದವರಲ್ಲಿ ಔಷಧಿ ಮೈಯಲ್ಲೇ ಉಳಿದು ಬಿಳಿ ರಕ್ತಕಣ ತೀರಾ ಕುಸಿಯುವುದು, ವಿಪರೀತ ಭೇದಿ ಆಗುವುದು ಇದೆ. ಡಾಕ್ಟರಿಗೆ ಮೊದಲೇ ಗೊತ್ತಿದ್ದರೆ ಡೋಸ್ ಕಮ್ಮಿ ಮಾಡಿ ಶುರು ಮಾಡುತ್ತಾರೆ. ಎಚ್‌ಐವಿಗೆ ಕೊಡುವ ಅಟಜನವಿರ್ ಈ ಕಿಣ್ವವನ್ನು ತಡೆಯುವುದರಿಂದ ಕಣ್ಣು ಇನ್ನಷ್ಟು ಹಳದಿಯಾಗುತ್ತದೆ. ಲಿವರ್‌ಗೆ ಪೆಟ್ಟಾಗಿರುವುದಿಲ್ಲ, ಆದರೆ ನೋಡಿದವರು ಕೇಳುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಹೇಳಿದ ಡೋಸಿನಲ್ಲಿ ತೆಗೆದುಕೊಳ್ಳಬಹುದು.

ಮಗು ಹುಟ್ಟಿದಾಗಲೂ ಮಕ್ಕಳ ಡಾಕ್ಟರಿಗೆ ಹೇಳಿ. ಗಿಲ್ಬರ್ಟ್ ಜೀನ್ ಜೊತೆ ಜಿ6ಪಿಡಿ ಕೊರತೆಯೂ ಸೇರಿದ ಶಿಶುಗಳಲ್ಲಿ ಜಾಂಡೀಸ್ ಜೋರಾಗಬಹುದು, ಎದೆಹಾಲು ಕುಡಿಯುವ ಕೆಲವು ಮಕ್ಕಳಲ್ಲಿ ವಾರಗಟ್ಟಲೆ ಉಳಿಯಬಹುದು. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೂ ತಿಳಿಸಿ. ಹಿಂದಿನ ರಾತ್ರಿಯಿಂದ ಊಟ ಇಲ್ಲ, ಮೈಗೆ ಆಯಾಸ, ಮೂರನೇ ದಿನ ಕಣ್ಣು ಹಳದಿ. ವಾರ್ಡಿನವರಿಗೆ ಮೊದಲೇ ಗೊತ್ತಿದ್ದರೆ ಆಪರೇಷನ್‌ನಲ್ಲಿ ಏನೋ ಎಡವಟ್ಟಾಗಿದೆ ಅಂತ ಮೊದಲಿಗೇ ಸ್ಕ್ಯಾನಿಂಗ್‌ಗೆ ಓಡಿಸದೆ, ಡೈರೆಕ್ಟ್ ಎಷ್ಟು, ಎಸ್‌ಜಿಪಿಟಿ ಎಷ್ಟು ಅಂತ ನೋಡುತ್ತಾರೆ.